ಗೋಡೆಯ ಕ್ಯಾಲೆಂಡರೂ ಜಪಾನಿನ ಅಲೆಯೂ

ಕಲಬುರಗಿ ಜಿಲ್ಲೆಯ ಯಡ್ರಾಮಿ ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಊರು, ಈಗ ಸ್ವತಃ ತಾಲ್ಲೂಕು ಕೇಂದ್ರ. ಅಲ್ಲಿನ ಕಿರಾಣಿ ಅಂಗಡಿ, ಬೀಜ-ಗೊಬ್ಬರದ ಅಂಗಡಿ, ಹಿಟ್ಟಿನ ಗಿರಣಿ, ಹೀಗೆ ಎಲ್ಲಿಗೆ ಹೋದರೂ ಗೋಡೆಯ ಮೇಲೊಂದು ಕ್ಯಾಲೆಂಡರ್ ತೂಗುತ್ತಿರುತ್ತದೆ. ಮೇಲೆ ಲಕ್ಷ್ಮಿಯೋ, ಶಿವನೋ, ಮೂರು ಮುಖದ ಗಾಣಗಾಪುರದ ದತ್ತಾತ್ರೇಯನೋ ಇರುತ್ತಾನೆ. ಅದರ ಕೆಳಗೆ ಅಂಗಡಿಯ ಹೆಸರು, ಅದಕ್ಕೂ ಕೆಳಗೆ ತಿಂಗಳ ಹಾಳೆಗಳು. ವರ್ಷ ಮುಗಿದ ಮೇಲೆ ಹಾಳೆಗಳು ರದ್ದಿಗೆ ಹೋಗುತ್ತವೆ. ದೇವರ ಚಿತ್ರವನ್ನು ಮಾತ್ರ ಎಸೆಯಲು ಮನಸ್ಸು ಬಾರದು. ಕೆಲವರು ಕತ್ತರಿಸಿ ಕಟ್ಟು ಹಾಕಿಸುತ್ತಾರೆ, ಕೆಲವರು ಹೊಳೆಗೆ ಬಿಡುತ್ತಾರೆ, ಕೆಲವರು ಗುಡಿಯ ಕಟ್ಟೆಯ ಮೇಲೆ ಇಟ್ಟು ಬರುತ್ತಾರೆ.

ಇಷ್ಟೊಂದು ಗೌರವ ಪಡೆದ ಈ ಚಿತ್ರವನ್ನು ಕಲೆ ಎಂದು ಮಾತ್ರ ಯಾರೂ ಕರೆಯುವುದಿಲ್ಲ. ‘ಕ್ಯಾಲೆಂಡರ್ ಚಿತ್ರ’ ಎಂಬುದು ಚಿತ್ರಕಲೆಯ ವಲಯದಲ್ಲಿ ಬೈಗುಳಕ್ಕೆ ಸಮನಾದ ಮಾತು.

ಇದೇ ಬಗೆಯ ಅಗ್ಗದ ಚಿತ್ರವೊಂದು ಸಮುದ್ರದಾಚೆ ಕಂಡ ಏಳಿಗೆ ಕುತೂಹಲಕರವಾದುದು. ಜಪಾನ್ 2024ರ ಜುಲೈಯಲ್ಲಿ ಹೊಸ ಸಾವಿರ ಯೆನ್ ನೋಟನ್ನು ಚಲಾವಣೆಗೆ ತಂದಿತು. ಅದರ ಹಿಂಬದಿಯಲ್ಲಿರುವುದು ಹೊಕುಸಾಯ್ (1760–1849) ರಚಿಸಿದ ಮಹಾ ಅಲೆಯ ಚಿತ್ರ. ಬಾಯಿ ತೆರೆದು ಎರಗುವ ಅಲೆ, ಅದರಡಿ ಸಿಕ್ಕ ದೋಣಿಗಳು, ದೂರದಲ್ಲಿ ಗುಬ್ಬಚ್ಚಿಯಷ್ಟು ಕಾಣುವ ಫ್ಯೂಜಿ ಪರ್ವತ. ಸುಮಾರು 1831ರಲ್ಲಿ ಇದು ಅಚ್ಚಾದಾಗ ಒಂದು ಪ್ರತಿಯ ಬೆಲೆ ಬೀದಿ ಬದಿಯ ಒಂದೆರಡು ಬಟ್ಟಲು ಸೇವಿಗೆಯ ಬೆಲೆಯಷ್ಟಿತ್ತು. ಊಟದ ಬೆಲೆಗೆ ಸಿಗುತ್ತಿದ್ದ ಚಿತ್ರ ದೇಶದ ನೋಟಿನ ಮೇಲೇರಿತು. ಆದರೆ ಅಲ್ಲಿಗೆ ತಲುಪುವ ದಾರಿಯಲ್ಲಿ ಜಪಾನ್ ಒಂದು ದೊಡ್ಡ ನಷ್ಟವನ್ನೂ ಅನುಭವಿಸಿತು. ಆ ನಷ್ಟದ ಕಥೆಯಲ್ಲಿ ಕಲಬುರಗಿಯವರು ಕಲಿಯಬೇಕಾದದ್ದಿದೆ.

ನಾಟಕದ ಪೋಸ್ಟರು, ಚೆಲುವೆಯರ ಚಿತ್ರ

ಟೋಕಿಯೋ ನಗರಕ್ಕೆ 1868ರವರೆಗೆ ಎದೋ ಎಂದು ಹೆಸರು. ಅಲ್ಲಿನ ವರ್ತಕರು, ಕುಶಲಕರ್ಮಿಗಳು, ಕೂಲಿಗಳು ಕೊಳ್ಳುತ್ತಿದ್ದ ಬಣ್ಣದ ಅಚ್ಚಿನ ಚಿತ್ರಗಳಿಗೆ ‘ಉಕಿಯೋ-ಎ’ ಎನ್ನುತ್ತಾರೆ. ತೇಲುವ ಲೋಕದ ಚಿತ್ರಗಳು ಎಂದು ಅದರ ಅರ್ಥ. ಒಂದು ಚಿತ್ರದ ಹಿಂದೆ ನಾಲ್ವರು ಇರುತ್ತಿದ್ದರು. ಬಂಡವಾಳ ಹೂಡುವ ಪ್ರಕಾಶಕ ಏನು ಮಾರಾಟವಾಗುತ್ತದೆ ಎಂದು ನೋಡಿ ಚಿತ್ರ ಬರೆಸುತ್ತಿದ್ದ. ಕಲಾವಿದ ತೆಳು ಕಾಗದದ ಮೇಲೆ ರೇಖೆ ಎಳೆದು ಕೊಡುತ್ತಿದ್ದ. ಕೆತ್ತುವವನು ಅದನ್ನು ಚೆರ್ರಿ ಮರದ ಹಲಗೆಗೆ ಮಗುಚಿ ಅಂಟಿಸಿ ಕೊರೆಯುತ್ತಿದ್ದ. ಅಚ್ಚು ಹಾಕುವವನು ಬಣ್ಣಕ್ಕೊಂದು ಹಲಗೆಯಂತೆ ಒಂದರ ಮೇಲೊಂದು ಒತ್ತುತ್ತಿದ್ದ. ಬೇಡಿಕೆ ಇದ್ದಷ್ಟು ಕಾಲ ಪ್ರತಿಗಳು ಹೊರಬರುತ್ತಿದ್ದವು.

ವಸ್ತುವೂ ಬೀದಿಯ ಅಭಿರುಚಿಯದೇ. ಉತಮಾರೋ ಎಂಬ ಕಲಾವಿದ ಚಹಾ ಅಂಗಡಿಯ ಹೆಸರಾಂತ ಚೆಲುವೆಯರನ್ನು ಚಿತ್ರಿಸಿದ. ಅವರ ತುರುಬಿನ ಶೈಲಿ, ಕಿಮೋನೋದ ಅಂಚು, ನಡುಪಟ್ಟಿಯ ಗಂಟು ನೋಡಿ ಊರಿನ ಹೆಂಗಸರು ಅನುಕರಿಸುತ್ತಿದ್ದರು. ಶರಾಕು ಎಂಬ ಇನ್ನೊಬ್ಬ 1794ರಿಂದ ಸುಮಾರು ಹತ್ತು ತಿಂಗಳು ಮಾತ್ರ ಕೆಲಸ ಮಾಡಿ ಕಬುಕಿ ನಾಟಕದ ನಟರ ಮುಖಗಳನ್ನು ಬರೆದು ಮಾಯವಾದ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಇವು ಕಂಪನಿ ನಾಟಕದ ಜಾಹೀರಾತು, ಸಿನಿಮಾ ಪೋಸ್ಟರು, ಫ್ಯಾಷನ್ ಪತ್ರಿಕೆ ಎಲ್ಲವೂ ಆಗಿದ್ದವು.

ಇವನ್ನು ಮಾಡಿದವರು ತಮ್ಮನ್ನು ‘ಕಲಾವಿದರು’ ಎಂದುಕೊಳ್ಳಲು ಅಂಥ ಪದವೇ ಜಪಾನೀ ಭಾಷೆಯಲ್ಲಿರಲಿಲ್ಲ. ಲಲಿತಕಲೆ ಎಂಬ ಅರ್ಥದ ‘ಬಿಜುತ್ಸು’ ಎಂಬ ಶಬ್ದ ಹುಟ್ಟಿದ್ದು 1873ರ ವಿಯೆನ್ನಾ ವಸ್ತುಪ್ರದರ್ಶನಕ್ಕೆ ಸಾಮಗ್ರಿ ಕಳುಹಿಸುವ ಸಿದ್ಧತೆಯಲ್ಲಿ, ಐರೋಪ್ಯ ಪದವೊಂದರ ಅನುವಾದವಾಗಿ. ಪದ ಬಂದ ಮೇಲೆ ಭೇದವೂ ಬಂತು. ಯಾವುದು ಕಲೆ, ಯಾವುದು ಬರೀ ಕಸುಬು ಎಂಬ ವಿಂಗಡಣೆ ಶುರುವಾಯಿತು. ಬೀದಿಯ ಅಚ್ಚಿನ ಚಿತ್ರಗಳಿಗೆ ಸಿಕ್ಕಿದ್ದು ಕೆಳಗಿನ ಪಂಕ್ತಿ.

ಅದೇ ಹೊತ್ತಿಗೆ ಯೂರೋಪು ಅವನ್ನು ಕಣ್ಣರಳಿಸಿ ನೋಡುತ್ತಿತ್ತು. ಪಿಂಗಾಣಿ ಪಾತ್ರೆ ಒಡೆಯದಂತೆ ಸುತ್ತಿ ಕಳುಹಿಸಿದ ಕಾಗದದಲ್ಲಿ ಹೊಕುಸಾಯ್ ಚಿತ್ರಗಳು ಪ್ಯಾರಿಸಿನ ಕಲಾವಿದನೊಬ್ಬನಿಗೆ ಸಿಕ್ಕವು ಎಂಬ ಕಥೆ ಪ್ರಸಿದ್ಧವಾಗಿದೆ. ವಾನ್ ಗಾಗ್ 1887ರಲ್ಲಿ ಹಿರೋಶಿಗೆಯ ಮಳೆಯ ಸೇತುವೆಯನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ. ಜಪಾನಿನ ಚಿತ್ರಗಳು ಕಂತೆಗಟ್ಟಲೆ ಹಡಗು ಹತ್ತಿದವು. ಇಂದು ಅಮೆರಿಕದ ಬಾಸ್ಟನ್ ವಸ್ತುಸಂಗ್ರಹಾಲಯವೊಂದರಲ್ಲೇ ಸುಮಾರು 50,000 ಜಪಾನೀ ಅಚ್ಚುಚಿತ್ರಗಳಿವೆ. ಮಾತ್ಸುಕಾತಾ ಎಂಬ ಹಡಗು ಉದ್ಯಮಿ 1920ರಲ್ಲಿ ಪ್ಯಾರಿಸಿನ ಆಭರಣ ವ್ಯಾಪಾರಿಯೊಬ್ಬನ ಸಂಗ್ರಹದಿಂದ ಸುಮಾರು 8,000 ಚಿತ್ರಗಳನ್ನು ಹಣ ಕೊಟ್ಟು ಕೊಂಡ. ಅವು ಈಗ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿವೆ. ತನ್ನ ಬೀದಿಯಲ್ಲಿ ಸೇವಿಗೆಯ ಬೆಲೆಗೆ ಮಾರಿದ್ದನ್ನು ಜಪಾನ್ ಪರದೇಶದಿಂದ ಕೊಂಡು ತರಬೇಕಾಯಿತು.

ಮೇಲು ಕೀಳಿಲ್ಲದ ಸಮತಲ

ಜಪಾನಿನ ಇಂದಿನ ಕಲಾವಿದರು ಈ ಪಾಠವನ್ನು ಮರೆತಿಲ್ಲ. 1962ರಲ್ಲಿ ಟೋಕಿಯೋದಲ್ಲಿ ಹುಟ್ಟಿದ ತಕಾಶಿ ಮುರಕಾಮಿ ಸಾಂಪ್ರದಾಯಿಕ ಜಪಾನೀ ಚಿತ್ರಕಲೆಯಲ್ಲಿ ಡಾಕ್ಟರೇಟ್ ಪಡೆದವರು. ಆದರೆ ಅವರ ಚಿತ್ರಗಳಲ್ಲಿ ಕಾಣುವುದು ನಗುವ ಹೂಗಳು, ದೊಡ್ಡ ಕಣ್ಣಿನ ಕಾರ್ಟೂನ್ ಬೊಂಬೆಗಳು. 2000ದಲ್ಲಿ ಅವರು ‘ಸೂಪರ್‌ಫ್ಲ್ಯಾಟ್’ ಎಂಬ ಪ್ರದರ್ಶನ ಏರ್ಪಡಿಸಿ ಅದೇ ಹೆಸರಿನ ವಾದವನ್ನೂ ಮುಂದಿಟ್ಟರು. ಆ ವಾದದಲ್ಲಿ ಎರಡು ಎಳೆಗಳಿವೆ. ಎದೋ ಕಾಲದ ಅಚ್ಚಿನ ಚಿತ್ರದಲ್ಲಿ ನೆರಳಿಲ್ಲ, ಆಳದ ಭ್ರಮೆಯಿಲ್ಲ, ರೇಖೆ ಮತ್ತು ಬಣ್ಣ ಒಂದೇ ಸಮತಲದಲ್ಲಿರುತ್ತವೆ. ಇಂದಿನ ಮಾಂಗಾ ಚಿತ್ರಕಥೆ, ಅನಿಮೆ ಸಿನಿಮಾಗಳೂ ಅದೇ ಕುಲದವು. ಇದು ಒಂದು. ಕಣ್ಣಿಗೆ ಕಾಣುವ ಸಮತಲದಂತೆ ಮೌಲ್ಯದಲ್ಲೂ ಸಮತಲವಿದೆ, ಗ್ಯಾಲರಿಯ ಕಲೆ ಮೇಲು, ಆಟಿಕೆ ಅಂಗಡಿಯ ಚಿತ್ರ ಕೀಳು ಎಂಬ ಭೇದ ಜಪಾನಿನ ಮಣ್ಣಿನದಲ್ಲ ಎಂಬುದು ಇನ್ನೊಂದು.

ಮುರಕಾಮಿ 2003ರಲ್ಲಿ ಫ್ರಾನ್ಸಿನ ಲೂಯಿ ವಿಟಾನ್ ಕಂಪನಿಯ ಕೈಚೀಲಗಳಿಗೆ ಬಣ್ಣದ ವಿನ್ಯಾಸ ಕೊಟ್ಟರು. 2010ರಲ್ಲಿ ವರ್ಸಾಯ್ ಅರಮನೆಯಲ್ಲಿ ಅವರ ಬೊಂಬೆಗಳು ನಿಂತಾಗ ಫ್ರಾನ್ಸಿನಲ್ಲಿ ಕೆಲವರು ಪ್ರತಿಭಟಿಸಿದರು. ಇವರು ಕಲಾವಿದರೋ ವ್ಯಾಪಾರಿಯೋ ಎಂಬ ಟೀಕೆ ಅವರನ್ನು ಬಿಟ್ಟಿಲ್ಲ. ಆದರೆ ಉತಮಾರೋ, ಹೊಕುಸಾಯ್ ಇಬ್ಬರೂ ಪ್ರಕಾಶಕನ ಕೂಲಿಗೆ ದುಡಿದವರೇ ಎಂಬುದನ್ನು ನೆನೆದರೆ ಆ ಟೀಕೆಯ ಮೊನೆ ಸ್ವಲ್ಪ ಮೊಂಡಾಗುತ್ತದೆ.

ಛಾಯಾಚಿತ್ರದಲ್ಲೂ ಹೀಗೆಯೇ. ಟೋಕಿಯೋದ ಹರಾಜುಕು ಬೀದಿಯಲ್ಲಿ ವಿಚಿತ್ರ ಉಡುಗೆ ತೊಟ್ಟು ಅಡ್ಡಾಡುವ ಹುಡುಗ ಹುಡುಗಿಯರನ್ನು ಶೊಯಿಚಿ ಅಓಕಿ 1997ರಿಂದ 2017ರವರೆಗೆ ‘ಫ್ರೂಟ್ಸ್’ ಎಂಬ ಮಾಸಪತ್ರಿಕೆಯಲ್ಲಿ ದಾಖಲಿಸಿದರು. ಹೆಸರಾಂತ ರೂಪದರ್ಶಿಗಳಿಲ್ಲ, ಸ್ಟುಡಿಯೋ ದೀಪಗಳಿಲ್ಲ. ದಾರಿಯಲ್ಲಿ ನಿಲ್ಲಿಸಿ ತೆಗೆದ ಚಿತ್ರಗಳವು. ಉತಮಾರೋ ಚಹಾ ಅಂಗಡಿಯ ಹುಡುಗಿಯನ್ನು ಬರೆದದ್ದಕ್ಕೂ ಇದಕ್ಕೂ ನಡುವೆ ಇನ್ನೂರು ವರ್ಷಗಳ ಅಂತರ ಮಾತ್ರ.

ಕಡ್ಡಿಪೆಟ್ಟಿಗೆಯ ದೇವರು

ಜಪಾನಿನ ಈ ಅಚ್ಚಿನ ಲೋಕಕ್ಕೂ ಯಡ್ರಾಮಿಯ ಗೋಡೆಗೂ ನಿಜವಾದ ಸಂಬಂಧವೊಂದು ಉಂಟು. ಅದು ಕಡ್ಡಿಪೆಟ್ಟಿಗೆಯ ಮೂಲಕ ಬಂದದ್ದು. 20ನೇ ಶತಮಾನದ ಮೊದಲ ದಶಕಗಳಲ್ಲಿ ಭಾರತಕ್ಕೆ ಕಡ್ಡಿಪೆಟ್ಟಿಗೆ ಬರುತ್ತಿದ್ದುದು ಮುಖ್ಯವಾಗಿ ಸ್ವೀಡನ್ ಮತ್ತು ಜಪಾನಿನಿಂದ. ಮೊದಲ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಸರಕು ಕುಗ್ಗಿ ಜಪಾನಿನ ಪಾಲು ಬೆಳೆಯಿತು. ಓದಲು ಬಾರದ ಗಿರಾಕಿಯೂ ಗುರುತು ಹಿಡಿಯಬೇಕೆಂದು ಆ ಪೆಟ್ಟಿಗೆಗಳ ಮೇಲೆ ಕೃಷ್ಣ, ಲಕ್ಷ್ಮಿ, ಗಣಪತಿಯರ ಚಿತ್ರ ಅಂಟಿಸುತ್ತಿದ್ದರು. ಅವುಗಳಲ್ಲಿ ಹಲವು ರಾಜಾ ರವಿವರ್ಮನ ಚಿತ್ರಗಳ ಮಾದರಿಯವು.

ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದಿದ್ದ. ಮುಂದೆ ಅದು ಲೋಣಾವಳದ ಬಳಿಯ ಮಳವಲಿಗೆ ಸ್ಥಳಾಂತರವಾಯಿತು. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಗುಲಬರ್ಗಾ ದಾಟಿ ಮದ್ರಾಸಿಗೆ ಹೋಗುವ ರೈಲುದಾರಿಯ ಮೇಲೆಯೇ ಆ ಊರು ಇದೆ. ಅರಮನೆಯ ಗೋಡೆಯಲ್ಲಿದ್ದ ಎಣ್ಣೆಬಣ್ಣದ ದೇವತೆ ಕಾಗದದ ಮೇಲೆ ಇಳಿದು ಬಡವರ ಜಗುಲಿಗೆ ಬಂದದ್ದು ಆ ಅಚ್ಚಿನಿಂದ. ಜಾತಿಯ ಕಾರಣಕ್ಕೆ ಗುಡಿಯ ಹೊಸ್ತಿಲು ದಾಟಲು ಬಿಡದಿದ್ದವರ ಮನೆಗೂ ಈ ದೇವರು ಬಂದ ಎಂಬುದನ್ನು ನೆನೆದರೆ ಅಗ್ಗದ ಚಿತ್ರದ ಬೆಲೆ ತಿಳಿಯುತ್ತದೆ.

ಭಾರತ ಸರ್ಕಾರ 1922ರಲ್ಲಿ ವಿದೇಶೀ ಕಡ್ಡಿಪೆಟ್ಟಿಗೆಯ ಮೇಲೆ ಭಾರಿ ಸುಂಕ ಹಾಕಿದ ಮೇಲೆ ದೇಶದೊಳಗೇ ಕಾರ್ಖಾನೆಗಳು ಎದ್ದವು. ತಮಿಳುನಾಡಿನ ಶಿವಕಾಶಿಯ ಅಯ್ಯ ನಾಡಾರ್, ಷಣ್ಮುಗ ನಾಡಾರ್ ಎಂಬ ಬಂಧುಗಳು ಕಲ್ಕತ್ತೆಗೆ ಹೋಗಿ ಈ ಕಸುಬು ಕಲಿತು ಬಂದರು. ಕಡ್ಡಿಪೆಟ್ಟಿಗೆಗೆ ಚೀಟಿ ಬೇಕು, ಚೀಟಿಗೆ ಅಚ್ಚುಕೂಟ ಬೇಕು. ಹೀಗೆ ಬೆಳೆದ ಶಿವಕಾಶಿಯ ಅಚ್ಚುಕೂಟಗಳು ಮುಂದೆ ಕ್ಯಾಲೆಂಡರಿಗೆ ಕೈಹಾಕಿದವು. ಚಿತ್ರವನ್ನು ಮೊದಲೇ ಅಚ್ಚು ಹಾಕಿ, ಕೆಳಗೊಂದು ಪಟ್ಟಿಯನ್ನು ಖಾಲಿ ಬಿಟ್ಟಿರುತ್ತಾರೆ. ಏಜೆಂಟರು ಮಾದರಿಗಳ ಪುಸ್ತಕ ಹಿಡಿದು ಊರೂರು ತಿರುಗಿ ವ್ಯಾಪಾರಿಗಳಿಂದ ಆರ್ಡರು ಪಡೆಯುತ್ತಾರೆ. ಖಾಲಿ ಪಟ್ಟಿಯಲ್ಲಿ ಅಂಗಡಿಯ ಹೆಸರು ಬೀಳುತ್ತದೆ. ಯಡ್ರಾಮಿಯ ಅಂಗಡಿಕಾರ ತನ್ನ ಗಿರಾಕಿಗೆ ಕೊಡುವ ಲಕ್ಷ್ಮಿ ಬಂದದ್ದು ಈ ಸುತ್ತು ದಾರಿಯಲ್ಲಿ.

ಗುಲಬರ್ಗಾದ ಪಂಡಿತರು

ಈ ಲೋಕದ ದೊಡ್ಡ ಹೆಸರುಗಳಲ್ಲಿ ಒಂದು ಕಲಬುರಗಿಯದೇ ಎಂಬುದು ಆ ಸೀಮೆಯ ಹೊಸ ತಲೆಮಾರಿನಲ್ಲಿ ಎಷ್ಟು ಮಂದಿಗೆ ಗೊತ್ತು? ಎಸ್.ಎಂ. ಪಂಡಿತ, ಅಂದರೆ ಸಾಂಬಾನಂದ ಮೋನಪ್ಪ ಪಂಡಿತರು 1916ರಲ್ಲಿ ಗುಲಬರ್ಗಾದಲ್ಲಿ ಹುಟ್ಟಿದರು. ಆಗ ಅದು ನಿಜಾಮರ ಹೈದರಾಬಾದ್ ಸಂಸ್ಥಾನದ ಊರು. ಮೊದಲ ಪಾಠ ಶಂಕರರಾವ್ ಆಳಂದಕರ ಎಂಬ ಚಿತ್ರಕಲಾ ಗುರುಗಳಲ್ಲಿ. ಮದ್ರಾಸಿನ ಕಲಾಶಾಲೆಯ ಪರೀಕ್ಷೆ ಮುಗಿಸಿ ಪಂಡಿತರು ಮುಂಬಯಿಯ ರೈಲು ಹತ್ತಿದರು. ಅಲ್ಲಿ ದಂಡಾವತಿಮಠ ಅವರ ನೂತನ ಕಲಾಮಂದಿರದಲ್ಲಿಯೂ ಆಮೇಲೆ ಜೆ.ಜೆ. ಕಲಾಶಾಲೆಯಲ್ಲಿಯೂ ಕಲಿತರು.

ಹೊಟ್ಟೆಪಾಡಿಗೆ ಸಿಕ್ಕಿದ್ದು ಸಿನಿಮಾ. ಮುಂಬಯಿಯ ಮೆಟ್ರೋ ಚಿತ್ರಮಂದಿರಕ್ಕೆ ಬರುತ್ತಿದ್ದ ಹಾಲಿವುಡ್ ಚಿತ್ರಗಳ ಪ್ರಚಾರ ಫಲಕಗಳನ್ನು ಅವರು ಬರೆದರು. ಬಾಬುರಾವ್ ಪಟೇಲರ ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಪುಟಗಳಲ್ಲಿ ಅವರ ಚಿತ್ರಗಳು ಮಿಂಚಿದವು. ರಾಜ್ ಕಪೂರರ ‘ಬರ್ಸಾತ್’ (1949) ಚಿತ್ರದ ಪೋಸ್ಟರ್ ಅವರ ಕೈಯದೆಂದು ಪ್ರಸಿದ್ಧ. ಆಮೇಲೆ ಬಂದವು ಪುರಾಣದ ವಸ್ತುಗಳ ಕ್ಯಾಲೆಂಡರುಗಳು. 1950–60ರ ದಶಕಗಳಲ್ಲಿ ಪಂಡಿತರ ಮತ್ತು ರಘುವೀರ ಮುಳಗಾಂವಕರರ ಹೆಸರು ಕೇಳದ ಕ್ಯಾಲೆಂಡರ್ ವ್ಯಾಪಾರಿ ಇರಲಿಲ್ಲ.

ಪಂಡಿತರ ಹೊಸತನ ಎಲ್ಲಿತ್ತು? ರವಿವರ್ಮನ ದೇವತೆಗಳು ಶಾಂತವಾಗಿ ನಿಂತಿರುತ್ತವೆ, ರಂಗದ ಮೇಲೆ ತೆರೆ ಸರಿದಾಗ ಕಾಣುವ ಪಾತ್ರಗಳಂತೆ. ಪಂಡಿತರ ಚಿತ್ರಗಳಲ್ಲಿ ಚಲನೆ ಇದೆ, ಮಾಂಸಖಂಡದ ಬಿಗುವಿದೆ, ಬೆನ್ನ ಹಿಂದಿನಿಂದ ಬೀಳುವ ಬೆಳಕಿನಲ್ಲಿ ಕೂದಲಂಚು ಹೊಳೆಯುತ್ತದೆ. ಆ ಬೆಳಕು ಸಿನಿಮಾ ಸ್ಟುಡಿಯೋದ ಬೆಳಕು. ಹಾಲಿವುಡ್ ನಟಿಯ ಮುಖಕ್ಕೆ ಬೀಳುತ್ತಿದ್ದ ದೀಪವನ್ನು ಅವರು ಶಕುಂತಲೆ, ರಾಧೆಯರ ಮೇಲೆ ತಿರುಗಿಸಿದರು. ಬೇಗ ಒಣಗುವ ಪೋಸ್ಟರ್ ಬಣ್ಣದಲ್ಲಿ ಎಣ್ಣೆಬಣ್ಣದ ಮೆದುವನ್ನು ತರುವುದು ಅವರಿಗೆ ಸಾಧಿಸಿತ್ತು.

ಮುರಕಾಮಿ ಹೇಳುವ ಸಮತಲಕ್ಕೆ ಇದು ನೇರ ವಿರುದ್ಧವಾದ ಶೈಲಿ. ಅಲ್ಲಿ ನೆರಳೇ ಇಲ್ಲ, ಇಲ್ಲಿ ನೆರಳು ಬೆಳಕಿನದೇ ಆಟ. ಶೈಲಿ ಬೇರೆಯಾದರೂ ಸ್ಥಿತಿ ಒಂದೇ. ಪ್ರಕಾಶಕನ ಬೇಡಿಕೆಗೆ ಬರೆದದ್ದು, ಲೆಕ್ಕವಿಲ್ಲದಷ್ಟು ಪ್ರತಿಗಳಲ್ಲಿ ಹರಡಿದ್ದು, ಎಲ್ಲರೂ ನೋಡಿದ್ದು, ಬರೆದವನ ಹೆಸರನ್ನು ಮಾತ್ರ ಕೆಲವರೇ ಓದಿದ್ದು. ಹಾಗೆಂದು ಕ್ಯಾಲೆಂಡರಿನಲ್ಲಿ ಬಂದದ್ದೆಲ್ಲ ಶ್ರೇಷ್ಠವಲ್ಲ. ಒಬ್ಬರು ಬರೆದ ಮುಖವನ್ನೇ ಹತ್ತು ಮಂದಿ ನಕಲು ಮಾಡಿದ್ದಾರೆ. ದೇವಿಯರೆಲ್ಲ ಬೆಳ್ಳಗೇ ಇರಬೇಕೆಂಬ ಹುಚ್ಚನ್ನು ಈ ಚಿತ್ರಗಳು ಬೆಳೆಸಿವೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಹೊಕುಸಾಯ್ ಕಾಲದ ಚಿತ್ರಗಳಲ್ಲೂ ಕಸ ಬೇಕಾದಷ್ಟಿತ್ತು. ಕಸ ಯಾವುದು, ರತ್ನ ಯಾವುದು ಎಂದು ಆರಿಸಲು ಮೊದಲು ರಾಶಿಯಾದರೂ ಉಳಿದಿರಬೇಕು.

ತಾನೇ ಚಿತ್ರವಾಗಿ ನಿಂತವರು

ಈ ರಾಶಿಯನ್ನು ಹೊಸ ಕಣ್ಣಿನಿಂದ ನೋಡಿದ ಕಲಾವಿದೆಯೂ ಕನ್ನಡ ನಾಡಿನಲ್ಲೇ ಇದ್ದಾರೆ. ಬೆಂಗಳೂರಿನ ಪುಷ್ಪಮಾಲಾ ಎನ್. ಶಿಲ್ಪಕಲೆಯಿಂದ ಛಾಯಾಚಿತ್ರಕ್ಕೆ ಬಂದವರು. ಬ್ರಿಟಿಷ್ ಮೂಲದ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಅವರು ದಕ್ಷಿಣ ಭಾರತದ ಸ್ತ್ರೀಯರ ರೂಪಗಳನ್ನು ಕುರಿತ ಚಿತ್ರಮಾಲೆಯೊಂದನ್ನು ರಚಿಸಿದರು. ಅದರಲ್ಲಿ ಪುಷ್ಪಮಾಲಾ ತಾವೇ ರವಿವರ್ಮನ ಲಕ್ಷ್ಮಿಯಾಗಿ ಕಮಲದ ಮೇಲೆ ನಿಂತಿದ್ದಾರೆ, ಆದಿಲ್‌ಶಾಹಿ ಕಾಲದ ಬಿಜಾಪುರದ ಚಿತ್ರವೊಂದರ ಯೋಗಿನಿಯಾಗಿದ್ದಾರೆ, ಪತ್ರಿಕೆಯಲ್ಲಿ ಬಂದ ಪೊಲೀಸ್ ಚಿತ್ರದ ಆರೋಪಿಯಾಗಿದ್ದಾರೆ. ಬಣ್ಣ ಬಳಿದ ಪರದೆ, ಅಟ್ಟೆಯ ಕಮಲ, ಬಾಡಿಗೆಯ ಕಿರೀಟ ಎಲ್ಲವೂ ನೋಡುಗನಿಗೆ ಕಾಣುವಂತೆಯೇ ಇರುತ್ತವೆ.

ಜಪಾನಿನ ಒಸಾಕಾದ ಯಾಸುಮಾಸಾ ಮೋರಿಮುರಾ ಇದಕ್ಕೂ ಮೊದಲೇ, 1985ರಲ್ಲಿ, ಕಿವಿಗೆ ಬಟ್ಟೆ ಸುತ್ತಿಕೊಂಡ ವಾನ್ ಗಾಗ್ ಆಗಿ ತನ್ನನ್ನೇ ಛಾಯಾಚಿತ್ರಿಸಿಕೊಂಡಿದ್ದರು. ಜಪಾನೀ ಚಿತ್ರಗಳನ್ನು ನಕಲು ಮಾಡಿದ ಡಚ್ ಕಲಾವಿದನನ್ನು ನೂರು ವರ್ಷದ ಮೇಲೆ ಜಪಾನೀ ಕಲಾವಿದ ನಕಲು ಮಾಡಿದ್ದರಲ್ಲಿ ತಮಾಷೆಯೂ ಇದೆ, ತೀರಿಸಿಕೊಂಡ ಲೆಕ್ಕವೂ ಇದೆ. ಇಬ್ಬರೂ ಕೇಳುವ ಪ್ರಶ್ನೆ ಒಂದೇ: ನಮ್ಮ ತಲೆಯೊಳಗೆ ತೂಗುಹಾಕಿರುವ ಚಿತ್ರಗಳನ್ನು ಅಲ್ಲಿ ಹಾಕಿದವರು ಯಾರು? ಮೋರಿಮುರಾ ಈ ಪ್ರಶ್ನೆ ಕೇಳಲು ಯೂರೋಪಿನ ವಸ್ತುಸಂಗ್ರಹಾಲಯಕ್ಕೆ ಹೋದರೆ, ಪುಷ್ಪಮಾಲಾ ಬೇರೆ ಮೂಲಗಳ ಜೊತೆಗೆ ನಮ್ಮ ಅಜ್ಜಿಯರ ದೇವರ ಮನೆಯನ್ನೂ ಹೊಕ್ಕರು.

ರದ್ದಿಗೆ ಹೋಗುವ ಮುನ್ನ

ಪಂಡಿತರು ಕೊನೆಗಾಲವನ್ನು ಹುಟ್ಟೂರಿನಲ್ಲಿ ಕಳೆದು 1993ರಲ್ಲಿ ತೀರಿಕೊಂಡರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ನಾಟಕ, ಸಮಾರಂಭಗಳಿಗೆ ಅಲ್ಲಿ ಸೇರುವ ಜನ ಆ ಹೆಸರನ್ನು ದಿನವೂ ಉಚ್ಚರಿಸುತ್ತಾರೆ. ಆದರೆ ಕಲಾವಿದನೊಬ್ಬ ಉಳಿಯುವುದು ಕಟ್ಟಡದ ಹೆಸರಿನಲ್ಲಲ್ಲ, ಚಿತ್ರದಲ್ಲಿ. ಚಿತ್ರಗಳ ಸ್ಥಿತಿಯೇ ನಾಜೂಕಿನದು. ಕ್ಯಾಲೆಂಡರ್ ವ್ಯಾಪಾರದಲ್ಲಿ ಸಾಮಾನ್ಯವಾಗಿ ಮೂಲಚಿತ್ರವೂ ಅದರ ಹಕ್ಕೂ ಒಟ್ಟಿಗೇ ಪ್ರಕಾಶಕನ ಪಾಲಾಗುತ್ತಿದ್ದವು. ಅಚ್ಚಾದ ಮೇಲೆ ಮೂಲಕ್ಕೆ ಕೆಲಸವಿಲ್ಲ. ಪೋಸ್ಟರಂತೂ ಹುಟ್ಟುವಾಗಲೇ ಗೋಡೆಗೆ ಅಂಟಿ ಮಳೆಯಲ್ಲಿ ನೆನೆದು ಇನ್ನೊಂದು ಪೋಸ್ಟರಿನ ಕೆಳಗೆ ಹೂತುಹೋಗಲು ಹುಟ್ಟಿದ್ದು. ನೀರುಬಣ್ಣ, ಕಾಗದ, ರಟ್ಟು ಇವು ಕಲಬುರಗಿಯ ಬಿಸಿಲಿಗೆ, ಗೆದ್ದಲಿಗೆ ಎಷ್ಟು ವರ್ಷ ತಡೆದಾವು?

ಹೊರಗಿನವರ ಕಣ್ಣು ಈಗಾಗಲೇ ಇತ್ತ ಬಿದ್ದಿದೆ. ಕ್ರಿಸ್ಟೊಫರ್ ಪಿನ್ನಿ 2004ರಲ್ಲಿ, ಕಾಜ್ರಿ ಜೈನ್ 2007ರಲ್ಲಿ ಭಾರತದ ಅಚ್ಚಿನ ದೇವರುಗಳ ಬಗ್ಗೆ ಇಂಗ್ಲಿಷಿನಲ್ಲಿ ದೊಡ್ಡ ಗ್ರಂಥಗಳನ್ನೇ ಬರೆದರು. ಹಳೆಯ ಸಿನಿಮಾ ಪೋಸ್ಟರುಗಳು ಹರಾಜಿನ ಸರಕಾಗಿವೆ. ಪ್ಯಾರಿಸ್, ಬಾಸ್ಟನ್‌ಗಳು ಎದೋ ಚಿತ್ರಗಳನ್ನು ಬಾಚಿಕೊಂಡ ಕಾಲವೂ ಹೀಗೆಯೇ ಆರಂಭವಾಗಿತ್ತು.

ಉಳಿಸುವ ಕೆಲಸಕ್ಕೆ ಅರಮನೆ ಬೇಕಿಲ್ಲ. ಹಳೆಯ ಕಿರಾಣಿ ಮನೆತನದ ಅಟ್ಟ, ಚಿತ್ರಕ್ಕೆ ಕಟ್ಟು ಹಾಕುವವನ ಅಂಗಡಿ, ಟ್ರಂಕಿನ ತಳಕ್ಕೆ ಹಾಸಿದ ಹಾಳೆ, ಇಲ್ಲೆಲ್ಲ ಅರವತ್ತು ಎಪ್ಪತ್ತು ವರ್ಷದ ಹಿಂದಿನ ಕ್ಯಾಲೆಂಡರುಗಳು ಇನ್ನೂ ಇರಬಲ್ಲವು. ಮೂಲೆಯಲ್ಲಿ ಕಲಾವಿದನ ಸಹಿ, ಅಂಚಿನಲ್ಲಿ ಅಚ್ಚುಕೂಟದ ಹೆಸರು, ಕೆಳಗೆ ವರ್ಷ, ಇಷ್ಟನ್ನು ಬರೆದಿಟ್ಟು ಒಂದು ಛಾಯಾಚಿತ್ರ ತೆಗೆದರೂ ಅದು ದಾಖಲೆಯೇ. ಶಾಲೆಯ ಮಕ್ಕಳು ಮಾಡಬಹುದಾದ ಕೆಲಸ ಇದು.

ಯಡ್ರಾಮಿಯ ಅಂಗಡಿಕಾರ ಹೊಸ ವರ್ಷದ ಕ್ಯಾಲೆಂಡರನ್ನು ಮೊಳೆಗೆ ಸಿಕ್ಕಿಸುವಾಗ ಹಳೆಯದನ್ನು ಇಳಿಸುತ್ತಾನೆ. ದೇವರೆಂದು ಅದನ್ನು ಕಾಲಿಗೆ ತಾಗದಂತೆ ಎತ್ತಿಡುವ ಮರ್ಯಾದೆ ಅವನಿಗೆ ಗೊತ್ತು. ಅದನ್ನು ಬರೆದವನೂ ಒಬ್ಬನಿದ್ದ, ಅವನು ಈ ಸೀಮೆಯವನೇ ಇರಬಹುದು ಎಂದು ಮೂಲೆಯ ಸಹಿಯ ಕಡೆ ಕಣ್ಣು ಹಾಯಿಸುವುದಷ್ಟೇ ಉಳಿದಿದೆ.